ತುರ್ತು ಚೀಲ: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ?

ಹೊಸಚೀಲ:
ಮನೆಯಲ್ಲಿ ನಾಲ್ಕು ಜನ. ನಾನು, ಹೆಂಡತಿ, ಆರು ವರ್ಷದ ಮಗಳು, ಮತ್ತೆ ಬಿಪಿ ಮಾತ್ರೆ ತಗೊಳ್ಳುವ ಅಮ್ಮ. ನೆರೆಯೋ ಬೆಂಕಿಯೋ ಬಂದು ಹತ್ತು ನಿಮಿಷದಲ್ಲಿ ಮನೆ ಖಾಲಿ ಮಾಡಿ ಅಂದರೆ ಎತ್ತಿಕೊಂಡು ಹೊರಡುವಂಥ ಚೀಲವೊಂದನ್ನು ಕಟ್ಟಿಡಬೇಕು ಅಂತ ತುಂಬಾ ದಿನದಿಂದ ಅಂದುಕೊಳ್ಳುತ್ತಿದ್ದೇನೆ. ಆನ್‌ಲೈನ್‌ನಲ್ಲಿ ಹುಡುಕಿದರೆ ರೆಡಿಮೇಡ್ ಕಿಟ್‌ಗಳೇ ಬರುತ್ತವೆ. ಅಂಗೈ ಅಗಲದ ಡಬ್ಬಿ, ಒಳಗೆ ಎಪ್ಪತ್ತು ಸಾಮಾನು ಅಂತೆ. ಫೋಟೋದಲ್ಲಿ ಎಣಿಸಿದರೆ ಅದರಲ್ಲಿ ಮೀನಿನ ಗಾಳಗಳೇ ಇಪ್ಪತ್ತು! ಅಮ್ಮನನ್ನೂ ಮಗುವನ್ನೂ ಕರಕೊಂಡು ಓಡುವವನು ಮೀನು ಹಿಡಿಯುತ್ತಾ ಕೂರುತ್ತಾನಾ? ಜಾಸ್ತಿ ಖರ್ಚು ಮಾಡುವ ಸ್ಥಿತಿ ಇಲ್ಲ. ಯಾವುದನ್ನು ಕೊಳ್ಳಲೇಬೇಕು, ಯಾವುದನ್ನು ಮನೆಯಲ್ಲಿರುವುದರಲ್ಲೇ ಸುಧಾರಿಸಬಹುದು, ಮಾಡಿ ನೋಡಿದವರು ಹೇಳಿ.

ಹಳೇಟಾರ್ಚ್:
ಆ ಡಬ್ಬಿ ಬೇಡವೇ ಬೇಡ. ನಾನು ಒಂದು ತರಿಸಿ ನೋಡಿದ್ದೇನೆ, ಅದರ ಕತ್ತರಿ ಬ್ಯಾಂಡೇಜ್ ಬಟ್ಟೆಯನ್ನೂ ಕತ್ತರಿಸಲಿಲ್ಲ. ಚೀಲಕ್ಕೂ ದುಡ್ಡು ಕೊಡಬೇಡಿ. ಹಳೆಯ ಸ್ಕೂಲ್ ಬ್ಯಾಗ್ ಸಾಕು, ಜಿಪ್ಪು ಮತ್ತು ಹೆಗಲ ಪಟ್ಟಿಯ ಹೊಲಿಗೆ ಗಟ್ಟಿ ಇದ್ದರೆ ಆಯಿತು. ಒಳಗೆ ದಪ್ಪನೆಯ ಕಸದ ಕವರ್ ಹಾಕಿ, ಅದರೊಳಗೆ ಸಾಮಾನು ತುಂಬಿ, ಬಾಯಿ ತಿರುಚಿ ಮಡಚಿ. ಮಳೆಯ ಚಿಂತೆ ಇಲ್ಲ. ಇನ್ನೆರಡು ಕವರ್ ಜಾಸ್ತಿ ಇಡಿ. ತಲೆ, ಕೈ ತೂರುವಷ್ಟು ಕತ್ತರಿಸಿದರೆ ದೊಡ್ಡವರಿಗೆ ರೇನ್‌ಕೋಟ್, ನೆಲಕ್ಕೆ ಹಾಸಿದರೆ ಒದ್ದೆಯಾಗದೆ ಕೂರಲು ಜಾಗ. ಮಗುವಿಗೆ ಮಾತ್ರ ಕವರ್ ಬೇಡ, ಸರಿಯಾದ ರೇನ್‌ಕೋಟೇ ಇರಲಿ.

ದುಡ್ಡು ಹಾಕಬೇಕಾದ್ದು ಬೆಳಕಿಗೆ. ಅದೂ ಕೈಟಾರ್ಚ್ ಅಲ್ಲ, ತಲೆಗೆ ಕಟ್ಟುವ ಹೆಡ್‌ಲ್ಯಾಂಪ್. ಒಂದು ಕೈಯಲ್ಲಿ ಮಗಳು, ಇನ್ನೊಂದರಲ್ಲಿ ಅಮ್ಮ. ಟಾರ್ಚ್ ಹಿಡಿಯಲು ಮೂರನೇ ಕೈ ಎಲ್ಲಿಂದ ತರುತ್ತೀರಿ? ಎಲ್ಲ ಕಡೆ ಸಿಗುವ ಎಎಎ ಸೆಲ್ ಹಾಕುವಂಥದ್ದು ತಗೊಳ್ಳಿ, ಆದರೆ ಸೆಲ್ ಒಳಗೆ ಹಾಕಿ ಇಡಬೇಡಿ. ನಾನು ಒಳ್ಳೆಯ ಟಾರ್ಚ್ ಒಂದನ್ನು ಸೆಲ್ ಸಮೇತ ಎರಡು ವರ್ಷ ಮರೆತುಬಿಟ್ಟಿದ್ದೆ. ಕರೆಂಟ್ ಹೋದ ರಾತ್ರಿ ತೆಗೆದರೆ ಮುಚ್ಚಳವೇ ತಿರುಗಲಿಲ್ಲ. ಬೆಳಿಗ್ಗೆ ಇಕ್ಕಳ ಹಾಕಿ ಬಿಚ್ಚಿದೆ. ಸ್ಪ್ರಿಂಗ್ ಸುತ್ತ ಬಿಳಿ ಪುಡಿ, ಹಸಿರು ಕಿಲುಬು, ಸೆಲ್ ಸೋರಿ ಟಾರ್ಚಿನ ಒಳಗೋಡೆಗೆ ಕಚ್ಚಿಕೊಂಡಿತ್ತು. ಈಗ ಸೆಲ್‌ಗಳನ್ನು ಬೇರೆ ಜಿಪ್ ಕವರ್‌ನಲ್ಲಿಟ್ಟು, ಅದನ್ನು ಹೆಡ್‌ಲ್ಯಾಂಪ್‌ಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದೇನೆ.

ರಾತ್ರಿಪಾಳಿ:
ಮೊದಲು ನೀರಿನ ಲೆಕ್ಕ ಹಾಕಿ ಸರ್. ಕುಡಿಯಲು, ಬಾಯಿ ಮುಕ್ಕಳಿಸಲು, ಅದಕ್ಕೆ ಇದಕ್ಕೆ ಅಂತ ಒಬ್ಬರಿಗೆ ದಿನಕ್ಕೆ 4 ಲೀಟರ್ ಹಿಡಿಯಿರಿ. ನಾಲ್ಕು ಜನ, ಮೂರು ದಿನ. 48 ಲೀಟರ್ ಆಯಿತು, ಅಂದರೆ 48 ಕಿಲೋ. ಹೊರುವವರು ಯಾರು? ಅದಕ್ಕೇ ತಲೆಗೊಂದು ಲೀಟರ್ ಬಾಟಲಿ, ಜೊತೆಗೆ ಕ್ಲೋರಿನ್ ಮಾತ್ರೆಯ ಒಂದು ಪಟ್ಟಿ. ಮಾತ್ರೆ ಅಗ್ಗ, ತೂಕವೂ ಇಲ್ಲ. ನೀರು ಕದಡಿದ್ದರೆ ಬಟ್ಟೆಯಲ್ಲಿ ಸೋಸಿ, ಪಟ್ಟಿಯ ಮೇಲೆ ಬರೆದಷ್ಟು ಲೀಟರಿಗೆ ಹಾಕಿ, ಕನಿಷ್ಠ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಪೆಟ್ರೋಲೋ ಕೆಮಿಕಲ್ಲೋ ಬೆರೆತ ನೀರು ಮಾತ್ರ ಮಾತ್ರೆಗೂ ಬಗ್ಗುವುದಿಲ್ಲ, ಕುದಿಸಿದರೂ ಸರಿಹೋಗುವುದಿಲ್ಲ.

ಬಾಟಲಿಯಲ್ಲಿ ಒಂದಾದರೂ ಒಂದೇ ಪದರದ ಸ್ಟೀಲಿನದು ಇರಲಿ. ಮುಚ್ಚಳ ತೆಗೆದು ಸೀದಾ ಒಲೆಯ ಮೇಲಿಟ್ಟು ನೀರು ಕುದಿಸಬಹುದು. ಬಿಸಿ ಹಿಡಿದಿಡುವ ಎರಡು ಪದರದ ಫ್ಲಾಸ್ಕ್ ಬಾಟಲಿಯನ್ನು ಹಾಗೆ ಬೆಂಕಿಗೆ ಇಟ್ಟೀರಿ ಮತ್ತೆ, ಅದು ಸಿಡಿಯಬಹುದು.

ಅಮ್ಮನವರ ಮಾತ್ರೆ ಏಳು ದಿನಕ್ಕಾಗುವಷ್ಟು. ಸುಮ್ನೆ ಇಟ್ಟು ಮರೆತರೆ ಡೇಟ್ ಮುಗಿಯುತ್ತದೆ. ಅದಕ್ಕೆ ಪ್ರತಿ ಸಲ ಹೊಸ ಪಟ್ಟಿ ತಂದಾಗ ಅದನ್ನು ಚೀಲಕ್ಕೆ ಹಾಕಿ, ಚೀಲದಲ್ಲಿದ್ದದ್ದನ್ನು ಬಳಕೆಗೆ ತೆಗೆಯಿರಿ. ಡಾಕ್ಟರ್ ಚೀಟಿಯ ಜೆರಾಕ್ಸ್ ಜೊತೆಗಿರಲಿ. ಕನ್ನಡಕ ಇದ್ದರೆ ಹಳೆಯ ಜೋಡಿಯನ್ನು ಎಸೆಯಬೇಡಿ, ಅದೂ ಚೀಲಕ್ಕೇ. ಚಿಲ್ಲರೆ ನೋಟು ಸ್ವಲ್ಪ ಇಡಿ, ನೆಟ್‌ವರ್ಕ್ ಇಲ್ಲದಾಗ ಫೋನ್ ತೋರಿಸಿದರೆ ಯಾರೂ ಸಾಮಾನು ಕೊಡುವುದಿಲ್ಲ.

ಹೊಸಚೀಲ:
48 ಕಿಲೋ ನೋಡಿ ತಲೆ ತಿರುಗಿತು. ಪವರ್ ಬ್ಯಾಂಕ್ ಯಾವುದು ತಗೊಳ್ಳಲಿ? 50000 ಎಂಎಎಚ್‌ದು (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ತುಂಬಾ ಕಡಿಮೆಗೆ ಸಿಗುತ್ತಿದೆ.

ಚಾರ್ಜ್‌ಸಾಕು:
ಕಡಿಮೆಗೆ ಸಿಗುತ್ತಿದೆ ಅಂದರೇ ಅನುಮಾನಪಡಿ. ಅದರ ತೂಕ ಎಷ್ಟು ಅಂತ ಬರೆದಿದ್ದಾರೆ ನೋಡಿ. ಸರಿಯಾದ 10000ದ್ದು ಸುಮಾರು 200 ಗ್ರಾಂ ಇರುತ್ತದೆ. 50000 ಅಂತ ಹೇಳಿಕೊಂಡು 300 ಗ್ರಾಂ ತೂಗಿದರೆ ಒಳಗೆ ಏನಿದೆ ಅಂತ ನೀವೇ ಊಹಿಸಿ. ಮತ್ತೆ ಆ 10000 ಕೂಡ ಒಳಗಿನ ಸೆಲ್‌ನ 3.7 ವೋಲ್ಟ್ ಲೆಕ್ಕ. ಯುಎಸ್‌ಬಿಯಲ್ಲಿ 5 ವೋಲ್ಟ್‌ಗೆ ಏರಿಸಿ, ಬಿಸಿಯಾಗಿ ಹೋಗುವುದನ್ನು ಕಳೆದರೆ ಕೈಗೆ ಸಿಗುವುದು ಆರು, ಆರೂವರೆ ಸಾವಿರ ಅಷ್ಟೇ. ಮೋಸ ಅಲ್ಲ, ಲೆಕ್ಕವೇ ಹಾಗೆ. ಒಂದು ನಂಬಿಕಸ್ತ 10000 ಸಾಕು. ಮೂರು ತಿಂಗಳಿಗೊಮ್ಮೆ ತೆಗೆದು ಚಾರ್ಜ್ ಮಾಡಿ. ಬಿಸಿಲಲ್ಲಿ ನಿಲ್ಲುವ ಕಾರಿನೊಳಗೆ ಇಡಬೇಡಿ.

ಕೇಬಲ್ಲನ್ನು ಪವರ್ ಬ್ಯಾಂಕಿಗೇ ಸುತ್ತಿಡಿ. ನಗಬೇಡಿ, ನಾನು ಒಂದು ಸಲ ಕೇಬಲ್ ಇಲ್ಲದೆ ತುಂಬಿದ ಪವರ್ ಬ್ಯಾಂಕ್ ಹಿಡಿದುಕೊಂಡು ರಾತ್ರಿಯಿಡೀ ಸತ್ತ ಫೋನನ್ನು ನೋಡುತ್ತಾ ಕೂತವನು. ಸೆಲ್ ಹಾಕುವ ಪುಟ್ಟ ರೇಡಿಯೋ ಇದ್ದರೆ ಅದೂ ಇರಲಿ, ಟವರ್ ಬಿದ್ದ ಮೇಲೆ ಸುದ್ದಿ ಬರುವುದು ಅದರಲ್ಲೇ.

ರಾತ್ರಿಪಾಳಿ:
ಒಂದು ಮರೆತೆ. ಸೀಟಿ. ಮಗಳ ಕುತ್ತಿಗೆಗೆ ಹಾಕುವ ದಾರ ಎಳೆದರೆ ಕಿತ್ತುಬರುವಂತಿರಲಿ. ಮೂರು ಸಲ ಊದಿದರೆ ಸಹಾಯ ಬೇಕು ಅಂತ ಅರ್ಥ, ಅದನ್ನು ಆಟದ ಹಾಗೆ ಕಲಿಸಿ. ನಿಮ್ಮಿಬ್ಬರ ಫೋನ್ ನಂಬರ್ ಬರೆದ ಚೀಟಿ ಅವಳ ಜೇಬಿನಲ್ಲಿರಲಿ. ಆಮೇಲೆ ಚೀಲ ಕಟ್ಟಿ ಮುಗಿದ ಮೇಲೆ ಒಂದು ಸಲ ಹೊತ್ತುಕೊಂಡು ನಡೆದು ನೋಡಿ. ಮನೆಯೊಳಗಲ್ಲ, ಮೆಟ್ಟಿಲಲ್ಲಿ.

ಹೊಸಚೀಲ:
ನಡೆದೆ. ಮೊದಲ ಸಲ 13 ಕಿಲೋ, ಮೂರು ಮಹಡಿ ಇಳಿದು ಹತ್ತುವಷ್ಟರಲ್ಲಿ ಎಡ ಹೆಗಲು ಕೆಂಪಾಯಿತು. ಅಮ್ಮ ಮೇಲೆ ನಿಂತು ನೋಡಿ, ನೀನು ನನ್ನನ್ನು ಎತ್ತಿಕೊಂಡು ಹೋಗುತ್ತೀಯಾ ಚೀಲವನ್ನಾ ಅಂತ ಕೇಳಿದರು. ಕೊಡೆ, ಸುತ್ತಿಗೆ, ಎರಡನೇ ಹೊದಿಕೆ, ಡಬ್ಬಿ ಆಹಾರ ಎಲ್ಲ ತೆಗೆದೆ. ಡಬ್ಬಿ ತೆರೆಯುವ ಓಪನರ್ರೇ ಮನೆಯಲ್ಲಿರಲಿಲ್ಲ ಅನ್ನುವುದು ಆಗ ಗೊತ್ತಾಯಿತು. ಬೇಯಿಸದೆ ತಿನ್ನುವ ಒಣ ತಿಂಡಿ ಹಾಕಿದೆ. ನೀರಿನಲ್ಲಿ ಎರಡು ಬಾಟಲಿ ಹೆಂಡತಿಯ ಚೀಲಕ್ಕೆ ಹೋಯಿತು. ಈಗ 7 ಕಿಲೋ.

ಕೊಂಡದ್ದು ನಾಲ್ಕೇ: ಹೆಡ್‌ಲ್ಯಾಂಪ್, ಕ್ಲೋರಿನ್ ಮಾತ್ರೆ, ಪವರ್ ಬ್ಯಾಂಕ್, ಸೀಟಿ. ಮಿಕ್ಕಿದ್ದೆಲ್ಲ ಮನೆಯದೇ. ನಮ್ಮ ಹಳೆಯ ಶೂಗಳನ್ನು ಚೀಲದ ಪಕ್ಕದಲ್ಲೇ ಇಟ್ಟಿದ್ದೇನೆ, ರಾತ್ರಿ ಚಪ್ಪಲಿಯಲ್ಲಿ ಗಾಜು ತುಳಿಯುವುದು ಬೇಡ ಅಂತ. ಮಗಳು ನನಗೆ ಗೊತ್ತಿಲ್ಲದೆ ಒಂದು ಗೊಂಬೆ ತುರುಕಿದ್ದಾಳೆ. ತೂಗಿದೆ, 90 ಗ್ರಾಂ. ಇರಲಿ ಬಿಟ್ಟೆ.

ಹಳೇಟಾರ್ಚ್:
ಗೊಂಬೆ ಮಾತಾಡುವಂಥದ್ದಾದರೆ ಅದರ ಸೆಲ್ ತೆಗೆದಿಡಿ.