ಹೊಸ ವೃತ್ತಿಪರ ರೋಡ್ ಸೈಕ್ಲಿಂಗ್ ತಂಡ: ಮೊದಲ ಹಣ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಎದುರುಗಾಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಹವ್ಯಾಸಿ ರೋಡ್ ಸೈಕ್ಲಿಂಗ್ ತಂಡವನ್ನು ಯುಸಿಐನ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ಕಾಂಟಿನೆಂಟಲ್ ತಂಡವಾಗಿ, ಅಂದರೆ ಮೂರನೇ ದರ್ಜೆಯಲ್ಲಿ, ನೋಂದಾಯಿಸಬೇಕೆಂದು ನಾವು ಕೆಲವರು ಯೋಚಿಸುತ್ತಿದ್ದೇವೆ. ಒಬ್ಬ ಪ್ರಾಯೋಜಕರು ಎರಡು ಋತುಗಳಿಗೆ ಹಣ ಕೊಡಲು ಒಪ್ಪಿದ್ದಾರೆ, ಆದರೆ ಕರಾರಿಗೆ ಇನ್ನೂ ಸಹಿ ಬಿದ್ದಿಲ್ಲ. ಸೈಕಲ್ ತಯಾರಕರೊಬ್ಬರು ಫ್ರೇಮ್‌ಗಳನ್ನು ಉಚಿತವಾಗಿಯೂ ಬಿಡಿಭಾಗಗಳನ್ನು ರಿಯಾಯಿತಿಯಲ್ಲಿಯೂ ಕೊಡುವ ಭರವಸೆ ನೀಡಿದ್ದಾರೆ. ಮೊತ್ತ ದೊಡ್ಡದೇನಲ್ಲ, ಹನ್ನೆರಡು ಮಂದಿ ಸವಾರರನ್ನು ಗೌರವದಿಂದ ನಡೆಸಿಕೊಳ್ಳಲು ಸಾಕಾಗಬಹುದು ಎಂಬುದು ನಮ್ಮ ಅಂದಾಜು.

ಆ ಹಣವನ್ನು ಮೊದಲು ಎಲ್ಲಿ ಹಾಕಬೇಕು ಎಂಬಲ್ಲಿ ನಮ್ಮೊಳಗೆ ಒಮ್ಮತವಿಲ್ಲ. ಹೆಸರು ಮಾಡಿದ ಒಬ್ಬಿಬ್ಬರು ಸವಾರರನ್ನು ಕರೆತಂದರೆ ಸ್ಪರ್ಧೆಗಳ ಆಹ್ವಾನವೂ ಇನ್ನಷ್ಟು ಪ್ರಾಯೋಜಕರೂ ತಾವಾಗಿಯೇ ಬರುತ್ತಾರೆ ಎಂಬುದು ಕೆಲವರ ವಾದ. ಅನುಭವವುಳ್ಳ ಸಿಬ್ಬಂದಿ ಮತ್ತು ವಾಹನಗಳೇ ಮೊದಲು ಬೇಕು ಎನ್ನುವವರೂ ಇದ್ದಾರೆ. ಇನ್ನೊಬ್ಬ ಗೆಳೆಯರು, ಇನ್ನೂ ಸ್ವಲ್ಪ ಹಣ ಕೂಡಿಸಿಕೊಂಡು ನೇರವಾಗಿ ಅದರ ಮೇಲಿನ ಪ್ರೊ ಟೀಮ್ ದರ್ಜೆಗೇ ಅರ್ಜಿ ಹಾಕೋಣ ಎನ್ನುತ್ತಾರೆ. ತಂಡ ನಡೆಸಿದವರು, ತಂಡದಲ್ಲಿ ಕೆಲಸ ಮಾಡಿದವರು ತಮ್ಮ ಅಭಿಪ್ರಾಯ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಲೆಕ್ಕದ ಪುಸ್ತಕ

ಕಾಂಟಿನೆಂಟಲ್ ದರ್ಜೆಯ ತಂಡದ ಆಡಳಿತದಲ್ಲಿ ಕೆಲಸ ಮಾಡಿದವನು ನಾನು. ನಿಮ್ಮ ಪತ್ರದಲ್ಲಿ ನನಗೆ ಆತಂಕ ಹುಟ್ಟಿಸಿದ್ದು ಪ್ರಾಯೋಜಕರ ಸಹಿ ಇನ್ನೂ ಬಿದ್ದಿಲ್ಲ ಎಂಬ ಸಂಗತಿ. ಅದು ಬೀಳುವವರೆಗೆ ಉಳಿದ ಯಾವ ಚರ್ಚೆಗೂ ಅರ್ಥವಿಲ್ಲ ಎಂದು ಹೇಳಿದರೆ ಒರಟಾಗಿ ಕೇಳಿಸಬಹುದು, ಆದರೂ ಹೇಳುತ್ತಿದ್ದೇನೆ.

ಈ ಕ್ರೀಡೆಯಲ್ಲಿ ಟಿಕೆಟ್ ಮಾರಾಟವಿಲ್ಲ. ಪ್ರಸಾರದ ಹಕ್ಕುಗಳು ಸ್ಪರ್ಧೆಯ ಸಂಘಟಕರ ಬಳಿ ಇರುತ್ತವೆ. ಬಹುಮಾನದ ಹಣವನ್ನು ಸವಾರರೂ ಸಿಬ್ಬಂದಿಯೂ ಹಂಚಿಕೊಳ್ಳುವುದು ರೂಢಿ. ಟೂರ್ ಡಿ ಫ್ರಾನ್ಸ್ ಗೆದ್ದವರಿಗೆ ಸಿಗುವ 5 ಲಕ್ಷ ಯೂರೋ ಕೂಡ ಹೀಗೆಯೇ ಹಂಚಿಹೋಗುತ್ತದೆ. ಹೀಗಾಗಿ ತಂಡದ ಆದಾಯವೆಂದರೆ ಬಹುಮಟ್ಟಿಗೆ ಪ್ರಾಯೋಜಕರ ಹಣವೇ, ಆ ಹಣ ನಿಂತ ದಿನ ತಂಡವೂ ನಿಲ್ಲುತ್ತದೆ. ಆಸ್ಟ್ರೇಲಿಯಾದ ಪೆಗಾಸಸ್ ತಂಡ 2011ರ ಋತುವಿಗಾಗಿ ರಾಬಿ ಮೆಕ್ಯುವೆನ್ ಅವರಂಥ ದೊಡ್ಡ ಸ್ಪ್ರಿಂಟರ್ (ಗುರಿಯ ಬಳಿ ಮಿಂಚಿನ ವೇಗದಲ್ಲಿ ಓಡುವ ಸವಾರ) ಒಳಗೊಂಡಂತೆ ಸವಾರರ ಪಡೆಯನ್ನೇ ಸಜ್ಜುಗೊಳಿಸಿತ್ತು, ಆದರೆ ಪರವಾನಗಿ ಸಿಗದೆ 2010ರ ಡಿಸೆಂಬರ್‌ನಲ್ಲಿ ಆ ಸವಾರರೆಲ್ಲ ಬೇರೆ ತಂಡ ಹುಡುಕಬೇಕಾಯಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಈ ಆತುರ ಹೊಸ ತಂಡಗಳದ್ದು ಮಾತ್ರವೂ ಅಲ್ಲ. ಟೂರ್‌ನಲ್ಲಿ ಓಡಿದ್ದ ಫ್ರಾನ್ಸ್‌ನ ಬಿ ಅಂಡ್ ಬಿ ಹೋಟೆಲ್ಸ್ ತಂಡ 2023ಕ್ಕೆ ದೊಡ್ಡ ಪ್ರಾಯೋಜಕರು ಬರುತ್ತಾರೆಂದು ಕಾಯುತ್ತಾ ಕುಳಿತು, 2022ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಡಿಸೆಂಬರ್‌ನಲ್ಲಿ ಕೆಲಸ ಕಳೆದುಕೊಂಡ ಸವಾರರ ಪಾಡು ಕಷ್ಟದ್ದು, ಏಕೆಂದರೆ ಮುಂದಿನ ಋತುವಿನ ಸವಾರರ ಬದಲಾವಣೆ ಆಗಸ್ಟ್ 1ರಿಂದಲೇ ಆರಂಭವಾಗಿರುತ್ತದೆ, ಅಷ್ಟು ಹೊತ್ತಿಗೆ ಉಳಿದ ತಂಡಗಳಲ್ಲಿ ಜಾಗ ತುಂಬಿರುತ್ತದೆ.

ನೋಂದಣಿಗೆ ಬ್ಯಾಂಕ್ ಗ್ಯಾರಂಟಿ ಕೊಡಬೇಕು. ತಂಡ ಸಂಬಳ ಕೊಡದಿದ್ದರೆ ಸವಾರರು ಮತ್ತು ಸಿಬ್ಬಂದಿ ಅದರಿಂದ ಬಾಕಿ ಪಡೆಯಲಿ ಎಂಬುದು ಇದರ ಉದ್ದೇಶ. ಹೊಸಬರು ಗಮನಿಸದೆ ಹೋಗುವುದೇನೆಂದರೆ, ಹಿಂದಿನ ವ್ಯವಹಾರದ ದಾಖಲೆಯೇ ಇಲ್ಲದ ಸಂಸ್ಥೆಗೆ ಬ್ಯಾಂಕು ಸುಮ್ಮನೆ ಗ್ಯಾರಂಟಿ ಬರೆದುಕೊಡುವುದಿಲ್ಲ. ಅಷ್ಟೇ ಮೊತ್ತವನ್ನು ಒತ್ತೆಯಾಗಿ ಕೇಳುವ ಸಂಭವವೇ ಹೆಚ್ಚು, ಆಗ ಆ ಹಣ ಲೆಕ್ಕದಲ್ಲಿ ನಿಮ್ಮದಾಗಿದ್ದರೂ ಬಳಕೆಗೆ ಸಿಗುವುದಿಲ್ಲ. ಇದರ ಜೊತೆಗೆ ವಿಮೆ, ವಾಹನ, ಉಡುಪು, ತರಬೇತಿ ಶಿಬಿರ ಮುಂತಾದ ವೆಚ್ಚಗಳೆಲ್ಲ ಮೊದಲ ಸ್ಪರ್ಧೆಗಿಂತ ಮುಂಚೆಯೇ ಬರುತ್ತವೆ. ಪ್ರಾಯೋಜಕರು ವರ್ಷದ ಹಣವನ್ನು ನಾಲ್ಕು ಸಮಕಂತುಗಳಲ್ಲಿ ಕೊಡುವುದಾದರೆ ನೀವು ಫೆಬ್ರವರಿಯಲ್ಲೇ ಸಾಲಕ್ಕೆ ಕೈಚಾಚಬೇಕಾಗುತ್ತದೆ. ಆದ್ದರಿಂದ ಮೊದಲ ಕಂತು ದೊಡ್ಡದಾಗಿರಲಿ, ಅದು ಋತು ಆರಂಭವಾಗುವ ಮುನ್ನವೇ ಕೈಸೇರಲಿ, ಮತ್ತು ಎರಡನೇ ವರ್ಷ ಮುಂದುವರಿಯುವುದೋ ಇಲ್ಲವೋ ಎಂಬುದನ್ನು ಜುಲೈ ಮುಗಿಯುವುದರೊಳಗೆ ತಿಳಿಸಬೇಕೆಂಬ ಷರತ್ತು ಕರಾರಿನಲ್ಲಿರಲಿ.

ಪ್ರೊ ಟೀಮ್ ಆಲೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಕಾಂಟಿನೆಂಟಲ್ ತಂಡಕ್ಕೆ 10ರಿಂದ 16 ಸವಾರರಿದ್ದರೆ ಸಾಕು, ಅರ್ಜಿ ಹೋಗುವುದು ರಾಷ್ಟ್ರೀಯ ಒಕ್ಕೂಟದ ಮೂಲಕ, ಯುಸಿಐ ಕನಿಷ್ಠ ವೇತನವನ್ನೂ ನಿಗದಿಪಡಿಸಿಲ್ಲ. ಪ್ರೊ ಟೀಮ್‌ಗೆ ಕನಿಷ್ಠ 20 ಸವಾರರು, ನಿಗದಿತ ಕನಿಷ್ಠ ವೇತನ, ಲೆಕ್ಕಪರಿಶೋಧಕರ ತಪಾಸಣೆ, ಜೈವಿಕ ಪಾಸ್‌ಪೋರ್ಟ್ (ಉದ್ದೀಪನ ಮದ್ದಿನ ಪತ್ತೆಗಾಗಿ ಸವಾರರ ರಕ್ತದ ವಿವರಗಳನ್ನು ದೀರ್ಘಕಾಲ ದಾಖಲಿಸುವ) ಯೋಜನೆಯ ವೆಚ್ಚ ಎಲ್ಲವೂ ಸೇರುತ್ತವೆ, ಅಷ್ಟಾದ ಮೇಲೂ ದೊಡ್ಡ ಸ್ಪರ್ಧೆಗಳಿಗೆ ಸಂಘಟಕರ ಆಹ್ವಾನಕ್ಕಾಗಿಯೇ ಕಾಯಬೇಕು. ಐರ್ಲೆಂಡಿನ ಆಕ್ವಾ ಬ್ಲೂ ಸ್ಪೋರ್ಟ್ 2017ರಲ್ಲಿ ಆ ದರ್ಜೆಯಲ್ಲಿಯೇ ಹುಟ್ಟಿ, ಅದೇ ವರ್ಷ ಸ್ಪೇನ್‌ನ ಮೂರು ವಾರಗಳ ಸ್ಪರ್ಧೆಯಾದ ವುಯೆಲ್ಟಾಗೆ ಆಹ್ವಾನವನ್ನೂ ಪಡೆಯಿತು. ಸೈಕಲ್ ಸರಕುಗಳ ಆನ್‌ಲೈನ್ ಮಾರಾಟದಿಂದ ತಂಡ ತನ್ನ ಖರ್ಚನ್ನು ತಾನೇ ಭರಿಸಬೇಕೆಂಬ ಅದರ ಯೋಜನೆ ನಿಜಕ್ಕೂ ಹೊಸದಾಗಿತ್ತು. ಮರುವರ್ಷ ಮೂರು ವಾರಗಳ ಯಾವ ಸ್ಪರ್ಧೆಗೂ ಕರೆ ಬರಲಿಲ್ಲ; 2018ರ ಆಗಸ್ಟ್‌ನಲ್ಲಿ ತಂಡ ಮುಚ್ಚುವ ಘೋಷಣೆ ಹೊರಬಿತ್ತು.

ಉತ್ತರ: ಹದಿನೆಂಟನೇ ಕಾರು

ಹಣದ ವಿಚಾರದಲ್ಲಿ ಮೇಲಿನವರ ಮಾತನ್ನು ಒಪ್ಪುತ್ತೇನೆ. ನಾನು ಸ್ಪರ್ಧೆಯ ದಿನದ ಕೆಲಸ ಬಲ್ಲವನು, ಮೆಕ್ಯಾನಿಕ್ ಆಗಿ ಶುರುಮಾಡಿ ಮುಂದೆ ತಂಡದ ಕಾರು ನಡೆಸಿದವನು. ಆದ್ದರಿಂದ ಆ ದಿಕ್ಕಿನಿಂದ ಬರೆಯುತ್ತೇನೆ.

ಸವಾರರನ್ನು ಆರಿಸುವ ಮೊದಲು ಸ್ಪರ್ಧೆಗಳ ಪಟ್ಟಿ ಮಾಡಿಕೊಳ್ಳಿ. ಪುರುಷರ ಕಾಂಟಿನೆಂಟಲ್ ತಂಡಕ್ಕೆ ಅತ್ಯುನ್ನತ ಮಟ್ಟದ ವರ್ಲ್ಡ್ ಟೂರ್ ಸ್ಪರ್ಧೆಗಳಲ್ಲಿ ಪ್ರವೇಶವಿಲ್ಲ. ನಿಮ್ಮ ಅನ್ನ ಇರುವುದು ಕೆಳಹಂತವಾದ 2ನೇ ದರ್ಜೆಯ ಸ್ಪರ್ಧೆಗಳಲ್ಲಿ, ಅಲ್ಲಲ್ಲಿ ಅದರ ಮೇಲಿನ 1ನೇ ದರ್ಜೆಯವುಗಳಲ್ಲಿ. ಸಂಘಟಕರಿಗೆ ಹಿಂದಿನ ಶರತ್ಕಾಲದಲ್ಲಿಯೇ ಪತ್ರ ಬರೆಯಬೇಕು, ಯಾವ ಸ್ಪರ್ಧೆ ಊಟ ವಸತಿ ಕೊಡುತ್ತದೆ, ಯಾವುದು ಪ್ರಯಾಣಕ್ಕೂ ಒಂದಿಷ್ಟು ಸೇರಿಸುತ್ತದೆ ಎಂಬುದನ್ನು ಒಂದೊಂದಾಗಿ ಕೇಳಿ ತಿಳಿದುಕೊಳ್ಳಬೇಕು. ಆ ಪಟ್ಟಿಯಲ್ಲಿ ಗುಡ್ಡಗಾಡಿನ ದಾರಿಗಳೇ ಹೆಚ್ಚಿದ್ದರೆ ಸ್ಪ್ರಿಂಟರ್‌ನ ಹೆಸರಿಗೆ ಹಣ ಸುರಿಯುವುದು ವ್ಯರ್ಥ. ಸಪಾಟು ದಾರಿ, ಬಿರುಗಾಳಿಯ ಪ್ರದೇಶದ ಸ್ಪರ್ಧೆಗಳೇ ಹೆಚ್ಚಾದರೆ ಅಡ್ಡಗಾಳಿಯಲ್ಲಿ ಸ್ಥಾನ ಹಿಡಿದು ನಿಲ್ಲಬಲ್ಲ ಗಟ್ಟಿಮುಟ್ಟಾದ ಸವಾರರು ಬೇಕಾಗುತ್ತಾರೆ, ಅಂಥವರು ಹೆಸರಾಂತರಾಗಿರುವುದು ಅಪರೂಪ, ಅವರ ಸಂಬಳವೂ ಕಡಿಮೆ.

ಹನ್ನೆರಡು ಮಂದಿ ಸಾಲುವುದು ಕಷ್ಟ ಎಂದು ನನ್ನ ಅನಿಸಿಕೆ. ಒಂದು ಸ್ಪರ್ಧೆಗೆ ಆರು ಮಂದಿ ಹೋದರೆ, ಒಂದೇ ವಾರದಲ್ಲಿ ಎರಡು ಕಡೆ ಓಡುವಾಗ ಹನ್ನೆರಡೂ ಮಂದಿ ರಸ್ತೆಯ ಮೇಲಿರುತ್ತಾರೆ, ಆಗ ಒಬ್ಬನಿಗೆ ಜ್ವರ ಬಂದು ಇನ್ನೊಬ್ಬನ ಕಾಲರ್ ಬೋನ್ ಮುರಿದರೆ ಎರಡೂ ಕಡೆ ತಂಡ ಕುಂಟುತ್ತದೆ. ಹದಿನಾಲ್ಕು ಮಂದಿಯನ್ನು ಇಟ್ಟುಕೊಳ್ಳಿ, ಇಲ್ಲವಾದರೆ ಒಮ್ಮೆಗೆ ಒಂದೇ ಕಡೆ ಓಡುವ ಶಿಸ್ತನ್ನು ಪಾಲಿಸಿ. ಎರಡನೆಯದು ಅಗ್ಗ, ಮೊದಲ ವರ್ಷಕ್ಕೆ ಅದೇ ಒಳ್ಳೆಯದು ಕೂಡ, ಏಕೆಂದರೆ ಎರಡು ಕಡೆ ಓಡಲು ಎರಡು ಜೊತೆ ಕಾರು, ಎರಡು ವ್ಯಾನು, ಎರಡು ಪಾಳಿ ಮೆಕ್ಯಾನಿಕ್ ಮತ್ತು ಸ್ವಾನ್ಯೂರ್ (ಸವಾರರ ಮಾಲೀಶು, ಆಹಾರ ನೋಡಿಕೊಳ್ಳುವವರು) ಬೇಕಾಗುತ್ತಾರೆ. ಯುಸಿಐ ನಿಯಮದಂತೆ ಕಾಂಟಿನೆಂಟಲ್ ತಂಡದ ಹೆಚ್ಚಿನ ಸವಾರರು 28 ವರ್ಷದೊಳಗಿನವರೂ ನೋಂದಣಿಯಾದ ದೇಶದವರೂ ಆಗಿರಬೇಕು ಎಂಬುದನ್ನೂ ಮರೆಯಬೇಡಿ.

ಇನ್ನು ಹೊರಗಿನವರಿಗೆ ಕಾಣದ ಒಂದು ವಿಷಯ. ಹಲವು ದಿನಗಳ ಸ್ಪರ್ಧೆಯಲ್ಲಿ ತಂಡದ ಕಾರುಗಳು ಒಟ್ಟಾರೆ ಪಟ್ಟಿಯಲ್ಲಿ ಆಯಾ ತಂಡದ ಅತ್ಯುತ್ತಮ ಸವಾರನ ಸ್ಥಾನಕ್ಕನುಗುಣವಾಗಿ ಸಾಲಾಗಿ ಹಿಂದೆ ಬರುತ್ತವೆ. ಹೊಸ ತಂಡದ ಕಾರು ಸಾಲಿನ ಕೊನೆಯಲ್ಲಿರುತ್ತದೆ. ನಿಮ್ಮ ಸವಾರನ ಟಯರ್ ಪಂಕ್ಚರ್ ಆದಾಗ ಮುಂದಿನ ತಂಡದವರಿಗೆ ಅರ್ಧ ನಿಮಿಷದ ಕೆಲಸವಾದದ್ದು ನಿಮಗೆ ಎರಡು ನಿಮಿಷವಾಗಬಹುದು, ಅಷ್ಟರಲ್ಲಿ ಗುಂಪು ಕಣ್ಮರೆಯಾಗಿರುತ್ತದೆ. ಹಾಗಾಗಿ ಹೊಸ ತಂಡಕ್ಕೆ ಹಗುರವಾದ ಗಾಲಿಗಿಂತ ಪಂಕ್ಚರ್ ತಡೆದುಕೊಳ್ಳುವ ಟಯರ್ ಮುಖ್ಯ, ಹೇಗಿದ್ದರೂ 6.8 ಕಿಲೋಗ್ರಾಂಗಿಂತ ಕಡಿಮೆ ತೂಕದ ಸೈಕಲ್‌ಗೆ ಅನುಮತಿಯೇ ಇಲ್ಲ. ಡಿಸ್ಕ್ ಬ್ರೇಕ್ ಬಂದ ಮೇಲೆ ಗಾಲಿ ಬದಲಿಸುವ ಬದಲು ಇಡೀ ಸೈಕಲನ್ನೇ ಬದಲಿಸುವುದು ಹೆಚ್ಚಾಗಿದೆ. ಆದ್ದರಿಂದ ಸೈಕಲ್ ತಯಾರಕರೊಂದಿಗೆ ಮಾತನಾಡುವಾಗ ತಲಾ ಒಂದು ಸ್ಪರ್ಧೆಯ ಸೈಕಲ್, ಒಂದು ಬಿಡಿ ಸೈಕಲ್, ಮನೆಯಲ್ಲಿ ಅಭ್ಯಾಸಕ್ಕೆ ಇನ್ನೊಂದು ಎಂದು ಲೆಕ್ಕ ಹಾಕಿ. ಫ್ರೇಮ್ ಉಚಿತವಾದರೂ ಚೈನ್, ಬ್ರೇಕ್ ಪ್ಯಾಡ್, ಟಯರ್ ಸವೆಯುವ ವೇಗಕ್ಕೆ ರಿಯಾಯಿತಿಯ ಬಿಲ್ಲೂ ದೊಡ್ಡದಾಗುತ್ತದೆ.

ನನ್ನ ಮಟ್ಟಿಗೆ ಹೇಳುವುದಾದರೆ ಮೊದಲ ಸಂಬಳ ಹೋಗಬೇಕಾದದ್ದು ಅನುಭವವುಳ್ಳ ಕ್ರೀಡಾ ನಿರ್ದೇಶಕರಿಗೆ, ಅಂದರೆ ಸ್ಪರ್ಧೆಯಲ್ಲಿ ಕಾರಿನಿಂದ ತಂಡವನ್ನು ನಡೆಸುವವರಿಗೆ. ಸಂಘಟಕರ ಪರಿಚಯವಿದ್ದು, ತಾವು ಫೋನ್ ಮಾಡಿದರೆ ಸಂಘಟಕರು ಎತ್ತುವಷ್ಟು ಗೌರವವುಳ್ಳ ಒಬ್ಬರು ತಂಡದಲ್ಲಿದ್ದರೆ ಬರುವ ಆಹ್ವಾನಗಳ ಸಂಖ್ಯೆ, ಇಳಿವಯಸ್ಸಿನ ಹೆಸರಾಂತ ಸವಾರನೊಬ್ಬನಿಂದ ಬರುವುದಕ್ಕಿಂತ ಹೆಚ್ಚು.

ಉತ್ತರ: ಇಳಿಜಾರು

ಹೆಸರುಳ್ಳ ಸವಾರರ ಬಗ್ಗೆ ಹದಿನೆಂಟನೇ ಕಾರು ಅವರ ತೀರ್ಮಾನ ಸ್ವಲ್ಪ ಕಠಿಣವಾಯಿತೆಂದು ನನಗೆ ಅನ್ನಿಸುತ್ತದೆ. ಹೆಸರು ಯಾವ ಹಂತದಲ್ಲಿ ಬರುತ್ತದೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಸ್ವಿಟ್ಜರ್ಲೆಂಡಿನ ಟ್ಯೂಡರ್ ತಂಡದ ಹಿಂದೆ ಮಾಜಿ ತಾರಾ ಸವಾರ ಫಾಬಿಯನ್ ಕಾನ್ಸೆಲಾರಾ ಅವರ ದೊಡ್ಡ ಹೆಸರಿತ್ತು, ಆದರೆ ಅದು ಮಾಲೀಕನ ಹೆಸರು, ಸವಾರನದಲ್ಲ. 2022ರಲ್ಲಿ ಕಾಂಟಿನೆಂಟಲ್ ದರ್ಜೆಯಲ್ಲಿ ಯುವ ಸವಾರರೊಂದಿಗೆ ಓಡಿ, 2023ರಲ್ಲಿ ಪ್ರೊ ಟೀಮ್ ಆಗಿ, 2024ರಲ್ಲಿ ಇಟಲಿಯ ಮೂರು ವಾರಗಳ ಸ್ಪರ್ಧೆಯಾದ ಜಿರೋ ಡಿಟಾಲಿಯಾಗೆ ಆಹ್ವಾನ ಪಡೆದ ಮೇಲಷ್ಟೇ ಜೂಲಿಯನ್ ಅಲಫಿಲಿಪ್ ಅವರಂಥ ತಾರೆಯನ್ನು 2025ಕ್ಕೆ ಕರೆತಂದರು, ಆ ವರ್ಷವೇ ಟೂರ್‌ಗೂ ಹೋದರು. ಇದಕ್ಕೆ ತದ್ವಿರುದ್ಧವಾಗಿ ನಡೆದದ್ದು ಲೆಪರ್ಡ್ ಟ್ರೆಕ್ ತಂಡ: 2011ರಲ್ಲಿ ಹೆಸರಾಂತ ಸವಾರರಾದ ಷ್ಲೆಕ್ ಸಹೋದರರು ಮತ್ತು ಇದೇ ಕಾನ್ಸೆಲಾರಾ ಅವರನ್ನು ಒಟ್ಟಿಗೆ ತಂದು, ಟೂರ್‌ನಲ್ಲಿ ಎರಡನೆಯ ಮತ್ತು ಮೂರನೆಯ ಸ್ಥಾನ ಗಳಿಸಿಯೂ ಒಂದೇ ಋತುವಿನ ನಂತರ ರೇಡಿಯೋಶಾಕ್ ತಂಡದೊಂದಿಗೆ ವಿಲೀನವಾಗಬೇಕಾಯಿತು. ಎಲ್ಲ ಶಕ್ತಿಯೂ ಸವಾರರಲ್ಲೇ ಇದ್ದರೆ ಹೀಗಾಗುತ್ತದೆ.

ಅಂಕಗಳ ವಿಷಯವನ್ನು ಯಾರೂ ಎತ್ತಿಲ್ಲ. 2ನೇ ದರ್ಜೆಯ ಒಂದು ದಿನದ ಸ್ಪರ್ಧೆ ಗೆದ್ದರೆ 40 ಯುಸಿಐ ಅಂಕ, 1ನೇ ದರ್ಜೆಯದಾದರೆ 125, ಅದಕ್ಕೂ ಮೇಲಿನ ಪ್ರೊ ಸೀರೀಸ್ ಆದರೆ 200. ಮುಂದೆ ಮೇಲಿನ ದರ್ಜೆಗೆ ಹೋಗುವ ಆಸೆಯಿದ್ದರೆ ಸಣ್ಣ ಸ್ಪರ್ಧೆಗಳನ್ನು ಎಷ್ಟು ಗೆದ್ದರೂ ಸಾಲದು ಎಂಬುದು ಇದರಿಂದ ಗೊತ್ತಾಗುತ್ತದೆ. ಆದರೆ ಮೊದಲ ವರ್ಷವೇ ಅಂಕಗಳ ಬೆನ್ನು ಹತ್ತಬೇಡಿ. ಪ್ರತಿಯೊಬ್ಬ ಸವಾರನೂ ತನ್ನ ಹತ್ತನೇ ಸ್ಥಾನ ಉಳಿಸಿಕೊಳ್ಳಲು ಓಡತೊಡಗಿದರೆ ನಾಯಕನಿಗಾಗಿ ದುಡಿಯುವವರು ಯಾರೂ ಉಳಿಯುವುದಿಲ್ಲ.

ನನ್ನ ಮುಖ್ಯ ಸಲಹೆ ಬೇರೆಯೇ ಇದೆ. ಮಹಿಳಾ ತಂಡದಿಂದ ಆರಂಭಿಸುವುದನ್ನು ಏಕೆ ಯೋಚಿಸಬಾರದು? ಪುರುಷರಲ್ಲಿ ಕಾಂಟಿನೆಂಟಲ್ ತಂಡಕ್ಕೆ ಮುಚ್ಚಿರುವ ಬಾಗಿಲು ಮಹಿಳೆಯರಲ್ಲಿ ತೆರೆದಿದೆ. 2022ರಲ್ಲಿ ಮಹಿಳೆಯರ ಟೂರ್ ಡಿ ಫ್ರಾನ್ಸ್ ಹೊಸ ರೂಪದಲ್ಲಿ ಆರಂಭವಾದಾಗ ಸಾಲಿನಲ್ಲಿ ನಿಂತ 24 ತಂಡಗಳಲ್ಲಿ ಹಲವು ಕಾಂಟಿನೆಂಟಲ್ ತಂಡಗಳೇ ಆಗಿದ್ದವು. ಅದೇ ಮೊತ್ತಕ್ಕೆ ಪ್ರಾಯೋಜಕರಿಗೆ ದೂರದರ್ಶನದಲ್ಲಿ ಕಾಣಿಸಿಕೊಳ್ಳುವ ಅವಕಾಶ ಇಲ್ಲಿ ಹೆಚ್ಚು. ಆದರೆ ಈ ಅಂತರ ಬೇಗ ಕಿರಿದಾಗುತ್ತಿದೆ: 2020ರಲ್ಲಿ ಅತ್ಯುನ್ನತ ದರ್ಜೆಯಾದ ಮಹಿಳಾ ವರ್ಲ್ಡ್ ಟೀಮ್‌ಗಳಿಗೆ ವರ್ಷಕ್ಕೆ 15,000 ಯೂರೋ ಕನಿಷ್ಠ ವೇತನ ಜಾರಿಗೆ ಬಂದು ಅಲ್ಲಿಂದ ಏರುತ್ತಲೇ ಹೋಯಿತು, 2025ರಿಂದ ಮಹಿಳೆಯರಿಗೂ ಪ್ರೊ ಟೀಮ್ ದರ್ಜೆ ಬಂದಿದೆ. ಕಾಂಟಿನೆಂಟಲ್ ದರ್ಜೆಯಲ್ಲಿ ಕನಿಷ್ಠ ವೇತನವಿಲ್ಲ ಎಂಬ ಕಾರಣಕ್ಕೆ ಮಹಿಳೆಯರಿಗೆ ಏನೂ ಕೊಡದೆ ಓಡಿಸುವ ತಂಡಗಳ ಸಾಲಿಗೆ ಮಾತ್ರ ನೀವು ಸೇರಬೇಡಿ.

ಎದುರುಗಾಳಿ

ಮೂವರಿಗೂ ಧನ್ಯವಾದಗಳು. ಮಹಿಳಾ ತಂಡದ ಸಾಧ್ಯತೆಯನ್ನು ಪ್ರಾಯೋಜಕರ ಮುಂದಿಡುತ್ತೇನೆ. ಇನ್ನೊಂದು ಸಂದೇಹ ಉಳಿದಿದೆ. ನಮ್ಮ ಸವಾರರು ಈವರೆಗೆ ತಮಗೆ ಗೊತ್ತಿದ್ದ ವೈದ್ಯರನ್ನೇ ನೋಡುತ್ತಿದ್ದರು. ವೈದ್ಯಕೀಯ ವ್ಯವಸ್ಥೆ ಮತ್ತು ಉದ್ದೀಪನ ಮದ್ದಿನ ನಿಯಮಗಳ ವಿಚಾರದಲ್ಲಿ ಇಷ್ಟು ಸಣ್ಣ ತಂಡ ಎಷ್ಟು ಖರ್ಚು ಮಾಡಬೇಕು?

ಲೆಕ್ಕದ ಪುಸ್ತಕ

ಪೂರ್ಣಾವಧಿ ವೈದ್ಯರನ್ನು ಇಟ್ಟುಕೊಳ್ಳುವ ಶಕ್ತಿ ನಿಮಗಿರುವುದಿಲ್ಲ, ಆದರೆ ಕ್ರೀಡಾ ನಿಯಮಗಳನ್ನು ಬಲ್ಲ ಒಬ್ಬ ವೈದ್ಯರೊಂದಿಗೆ ಲಿಖಿತ ಒಪ್ಪಂದ ಇರಲೇಬೇಕು. ಸವಾರರು ಯಾವ ಮಾತ್ರೆಯನ್ನೂ, ಪೂರಕ ಪುಡಿಯನ್ನೂ ಆ ವೈದ್ಯರನ್ನು ಕೇಳದೆ ತೆಗೆದುಕೊಳ್ಳುವುದಿಲ್ಲ ಎಂಬುದು ಅವರ ಕರಾರಿನಲ್ಲಿಯೇ ಬರಲಿ. ನಿಷೇಧಿತ ಮದ್ದುಗಳ ಪಟ್ಟಿಗಳು ಬದಲಾಗುತ್ತಿರುತ್ತವೆ. ಟ್ರಾಮಡಾಲ್ ಎಂಬ ನೋವು ನಿವಾರಕವನ್ನು ಯುಸಿಐ 2019ರಿಂದಲೇ ಸ್ಪರ್ಧೆಯಲ್ಲಿ ನಿಷೇಧಿಸಿತ್ತು, 2024ರಿಂದ ಅದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ಪಟ್ಟಿಗೂ ಸೇರಿತು. ಊರಿನ ವೈದ್ಯರು ಬೆನ್ನುನೋವಿಗೆಂದು ಅದನ್ನೇ ಬರೆದುಕೊಟ್ಟರೆ ಸವಾರನ ವೃತ್ತಿಜೀವನಕ್ಕೇ ಕುತ್ತು. ಚಿಕಿತ್ಸೆಯ ಅಗತ್ಯವಿಲ್ಲದೆ ಚುಚ್ಚುಮದ್ದು ಕೊಡುವುದೂ 2011ರಿಂದ ನಿಷಿದ್ಧ.

ಮೇಲಿನ ಎರಡು ದರ್ಜೆಗಳಲ್ಲಿ 12 ತಿಂಗಳೊಳಗೆ ಇಬ್ಬರು ಸವಾರರು ಸಿಕ್ಕಿಬಿದ್ದರೆ ಇಡೀ ತಂಡವನ್ನೇ 15ರಿಂದ 45 ದಿನಗಳವರೆಗೆ ಅಮಾನತು ಮಾಡಲಾಗುತ್ತದೆ. 2017ರಲ್ಲಿ ಇಟಲಿಯ ಬಾರ್ಡಿಯಾನಿ ತಂಡ 30 ದಿನ ಹೊರಗುಳಿಯಿತು. ನಿಮ್ಮ ದರ್ಜೆಯಲ್ಲಿ ಒಂದೇ ಒಂದು ಪ್ರಕರಣ ಸಾಕು, ಪ್ರಾಯೋಜಕರು ಹಿಂದೆ ಸರಿಯುತ್ತಾರೆ. ಹೀಗಾಗಿ ವೈದ್ಯರ ವೆಚ್ಚಕ್ಕೆ, ಬಿದ್ದ ಸವಾರನ ಮೆದುಳಿನ ಪೆಟ್ಟನ್ನು ರಸ್ತೆಯ ಬದಿಯಲ್ಲಿಯೇ ಗುರುತಿಸುವ ತರಬೇತಿಯನ್ನು ಕ್ರೀಡಾ ನಿರ್ದೇಶಕರಿಗೂ ಮೆಕ್ಯಾನಿಕ್‌ಗಳಿಗೂ ಕೊಡಿಸುವುದನ್ನು ಸೇರಿಸಿ, ಈ ವೆಚ್ಚವನ್ನು ಸವಾರರ ಸಂಬಳದ ಪಕ್ಕದಲ್ಲಿಯೇ ಬರೆದುಕೊಳ್ಳಿ. ಪ್ರಾಯೋಜಕರ ಕರಾರಿನ ಕರಡು ಸಿದ್ಧವಾದಾಗ ಹೆಸರುಗಳನ್ನು ಅಳಿಸಿ, ಹಣ ಪಾವತಿಯ ಭಾಗವನ್ನಷ್ಟೇ ಇಲ್ಲಿ ಹಾಕಿದರೆ ಓದಿ ಹೇಳುತ್ತೇನೆ.