ಪದಚರ್ಚೆ: ಪಿಸ್ತೂಲಿನಲ್ಲಿ ‘ಕುದುರೆ’ ಯಾವುದು?

ಗುರಿ ಹೊಡೆಯುವುದನ್ನು ಕಲಿಯಲು ಬರುವ ಹೊಸಬರಿಗಾಗಿ ಕನ್ನಡದಲ್ಲಿ ಒಂದು ಕಿರುಹೊತ್ತಗೆ ಸಿದ್ಧಪಡಿಸುತ್ತಿದ್ದೇನೆ. ಅದರ ಒಂದು ಅಧ್ಯಾಯ ಎರಡು ಪಿಸ್ತೂಲುಗಳ ಹೋಲಿಕೆಗೆ ಮೀಸಲು: ಇಟಲಿಯ ಬೆರೆಟ್ಟಾ 92 ಮತ್ತು ಆಸ್ಟ್ರಿಯದ ಗ್ಲಾಕ್ 17. ಎರಡೂ ಅರೆ ಸ್ವಯಂಚಾಲಿತ. ಎರಡಕ್ಕೂ ಅದೇ 9 ಮಿಲಿಮೀಟರಿನ ಕಾಡತೂಸು. ಹೊಸಬರು ಯಾವುದನ್ನು ಆರಿಸಿಕೊಳ್ಳಬೇಕು ಎಂದು ವಿವರಿಸಲು ಹೊರಟಾಗ ಎದುರಾದ ಪದದ ತೊಡಕೊಂದನ್ನು ಬಲ್ಲವರ ಮುಂದಿಡುತ್ತಿದ್ದೇನೆ.

ಬೆರೆಟ್ಟಾದ ಹಿಂತುದಿಯಲ್ಲಿ, ಹೊರಗೇ ಕಾಣುವಂತೆ, ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು ನಿಲ್ಲಿಸಬಹುದಾದ ಒಂದು ತುಂಡು ಇದೆ. ಇಂಗ್ಲಿಷಿನಲ್ಲಿ ಅದು ಹ್ಯಾಮರ್, ಮುಂದಕ್ಕೆ ಬಿದ್ದು ಬಡಿದು ಗುಂಡು ಹಾರಿಸುವ ಭಾಗ. ಗ್ಲಾಕಿನಲ್ಲಿ ಆ ತುಂಡೇ ಇಲ್ಲ. ಸ್ಟ್ರೈಕರ್ ಎಂಬ ಕಡ್ಡಿ ಒಳಗೇ ಅಡಗಿದ್ದು, ಸ್ಪ್ರಿಂಗಿನ ಬಲದಿಂದ ನೇರವಾಗಿ ಮುಂದಕ್ಕೆ ನುಗ್ಗಿ ಕಾಡತೂಸಿನ ತಳಕ್ಕೆ ಬಡಿಯುತ್ತದೆ. ಎರಡರ ನಡುವಿನ ದೊಡ್ಡ ವ್ಯತ್ಯಾಸ ಇದೇ ಆದ್ದರಿಂದ ಕರಡಿನಲ್ಲಿ, ಹ್ಯಾಮರಿಗೆ ಕುದುರೆ ಎಂಬ ಹೆಸರಿಟ್ಟು, ‘ಗ್ಲಾಕಿಗೆ ಕುದುರೆ ಇಲ್ಲ’ ಎಂದು ಬರೆದೆ. ಓದಿದ ಗೆಳೆಯರೊಬ್ಬರು ಕೇಳಿದ ಮೊದಲ ಪ್ರಶ್ನೆ: ‘ಕುದುರೆಯೇ ಇಲ್ಲವೆಂದರೆ ಗುಂಡು ಹಾರಿಸುವುದು ಯಾವುದರಿಂದ?’ ಅವರ ಪಾಲಿಗೆ ಕುದುರೆ ಎಂದರೆ ಬೆರಳಿಟ್ಟು ಎಳೆಯುವ ಭಾಗ, ಅಂದರೆ ಟ್ರಿಗರ್.

ಅವರು ಹೇಳಿದ್ದು ತಪ್ಪೆನ್ನಲಾಗದು. ‘ಕುದುರೆ ಎಳೆದ’, ‘ಕುದುರೆ ಮೀಟಿದ’ ಎಂಬ ಮಾತುಗಳಲ್ಲಿ ಈ ಅರ್ಥ ಬೇರೂರಿದೆ. ಆದರೆ ಕೇಪಿನ ಕೋವಿಯನ್ನು, ಅಂದರೆ ಪಟಾಕಿಯಂಥ ಪುಟ್ಟ ಕೇಪನ್ನು ಸಿಡಿಸಿ ಹಾರಿಸುವ ಹಳೆಯ ಬಗೆಯ ಕೋವಿಯನ್ನು ನೆನಪಿಸಿಕೊಳ್ಳಿ. ಅಲ್ಲಿ ಮೊದಲು ಹೆಬ್ಬೆರಳಿನಿಂದ ಕುದುರೆಯನ್ನು ಹಿಂದಕ್ಕೆ ಎತ್ತಿ ನಿಲ್ಲಿಸಬೇಕು. ಆಮೇಲೆ ಕೆಳಗಿನ ಕೊಂಡಿಯನ್ನು ತೋರುಬೆರಳಿನಿಂದ ಎಳೆದರೆ ಕುದುರೆ ಕೇಪಿನ ಮೇಲೆ ಬಡಿಯುತ್ತದೆ. ಎತ್ತುವುದೂ ಬೀಳುವುದೂ ಕುದುರೆಯ ಕೆಲಸ, ಎಳೆಸಿಕೊಳ್ಳುವುದು ಬೇರೆಯದರ ಕೆಲಸ. ಕೆಲಸ ಎರಡು, ಭಾಗ ಎರಡು. ಹೆಸರು ಮಾತ್ರ ಕ್ರಮೇಣ ಮೇಲಿನಿಂದ ಕೆಳಕ್ಕೆ ಜಾರಿಬಂದಿದೆ ಎಂದು ನನ್ನ ಅನಿಸಿಕೆ. ಹಿಂದಿಯ ‘ಘೋಡಾ’ ಕೂಡ ಇವೆರಡರ ನಡುವೆ ಓಲಾಡುತ್ತದೆ. ಬಂದೂಕಿನ ಈ ಭಾಗಗಳಿಗೆ ಪ್ರಾಣಿಗಳ ಹೆಸರಿಡುವುದು ನಮ್ಮಲ್ಲಿ ಮಾತ್ರವಲ್ಲ. ಹ್ಯಾಮರಿಗೆ ಜರ್ಮನ್ನರು ಹುಂಜ ಎನ್ನುತ್ತಾರೆ, ಫ್ರೆಂಚರು ನಾಯಿ ಎನ್ನುತ್ತಾರೆ. ಸ್ಪ್ಯಾನಿಷಿನಲ್ಲಿ ಟ್ರಿಗರಿಗೆ ಇರುವ ಹೆಸರು ಪುಟ್ಟ ಬೆಕ್ಕು.

ಇದನ್ನು ಬರಿಯ ಪದದ ಗೀಳು ಎಂದುಕೊಳ್ಳಬಾರದು. ಯಾವ ಪಿಸ್ತೂಲು ಬೇಕು ಎಂಬ ಪ್ರಶ್ನೆಗೆ ಉತ್ತರ ನಿಂತಿರುವುದೇ ಈ ಎರಡು ಭಾಗಗಳ ಸಂಬಂಧದ ಮೇಲೆ. ಬೆರೆಟ್ಟಾದಲ್ಲಿ ಕುದುರೆ ಕೆಳಗಿಳಿದಿದ್ದಾಗ ಟ್ರಿಗರ್ ಎಳೆದರೆ, ಆ ಒಂದೇ ಎಳೆತ ಕುದುರೆಯನ್ನು ಎತ್ತಲೂ ಬೇಕು, ಬೀಳಿಸಲೂ ಬೇಕು. ಹಾಗಾಗಿ ಮೊದಲ ಎಳೆತ ಉದ್ದ ಮತ್ತು ಬಿಗಿ. ಗುಂಡು ಹಾರಿದೊಡನೆ ಸ್ಲೈಡ್ (ಪಿಸ್ತೂಲಿನ ಮೇಲ್ಭಾಗದ ಜಾರುವ ಲೋಹದ ಭಾಗ) ಹಿಂದೆ ಸರಿದು ಕುದುರೆಯನ್ನು ತಾನೇ ಎತ್ತಿ ನಿಲ್ಲಿಸುತ್ತದೆ. ಎರಡನೆಯ ಎಳೆತದಿಂದ ಮುಂದಕ್ಕೆ ಎಲ್ಲವೂ ಗಿಡ್ಡ, ಹಗುರ. ಕಲಿಯುವವರು ಒಂದೇ ಆಯುಧದಲ್ಲಿ ಎರಡು ಬಗೆಯ ಎಳೆತಕ್ಕೆ ಬೆರಳನ್ನು ಪಳಗಿಸಬೇಕಾಗುತ್ತದೆ. ಗ್ಲಾಕಿನಲ್ಲಿ ಸ್ಟ್ರೈಕರಿನ ಸ್ಪ್ರಿಂಗ್ ಮೊದಲೇ ಅರೆಬರೆ ಬಿಗಿದಿರುತ್ತದೆ. ಟ್ರಿಗರ್ ಉಳಿದ ಬಿಗಿತವನ್ನು ಪೂರೈಸಿ ಬಿಟ್ಟುಬಿಡುತ್ತದೆ. ಮೊದಲ ಗುಂಡಿಗೂ ಕೊನೆಯದಕ್ಕೂ ಎಳೆತ ಒಂದೇ. ಈಗ ಈ ಸಾಲುಗಳಲ್ಲಿ ‘ಟ್ರಿಗರ್’ ಇರುವಲ್ಲೆಲ್ಲ ‘ಕುದುರೆ’ ಎಂದು ಹಾಕಿ ಓದಿನೋಡಿ. ‘ಕುದುರೆ ಎಳೆದರೆ ಕುದುರೆ ಏಳುತ್ತದೆ’ ಎಂದಾಗುತ್ತದೆ. ಯಾರಿಗೂ ಏನೂ ತಿಳಿಯದು.

ಉಳಿದ ಹೋಲಿಕೆಗೆ ಪದಗಳ ಕಾಟ ಇಲ್ಲ. 1975ರಲ್ಲಿ ವಿನ್ಯಾಸಗೊಂಡ ಬೆರೆಟ್ಟಾದ ಚೌಕಟ್ಟು ಅಲ್ಯೂಮಿನಿಯಂ ಮಿಶ್ರಲೋಹದ್ದು, ತೂಕ ಸುಮಾರು 950 ಗ್ರಾಂ. 1982ರಲ್ಲಿ ಆಸ್ಟ್ರಿಯದ ಸೇನೆ ಒಪ್ಪಿಕೊಂಡ ಗ್ಲಾಕಿನ ಚೌಕಟ್ಟು ಪಾಲಿಮರಿನದು, ಮ್ಯಾಗಜೀನ್ (ಕಾಡತೂಸು ತುಂಬಿಡುವ ಪೆಟ್ಟಿಗೆ) ಇಲ್ಲದೆ ಸುಮಾರು 630 ಗ್ರಾಂ. ಬೆರೆಟ್ಟಾದ ಸಾಮಾನ್ಯ ಮ್ಯಾಗಜೀನಿನಲ್ಲಿ 15 ಕಾಡತೂಸು, ಗ್ಲಾಕಿನಲ್ಲಿ 17. ತೂಕ ಹೆಚ್ಚಿದಷ್ಟೂ ಹಿನ್ನೊದೆತ ಮೆದುವಾಗುತ್ತದೆ. ‘ಒದೆತ’ ಎಂಬುದು ಕೋವಿ ಹಿಡಿದವರ ಬಾಯಲ್ಲಿ ಚೆನ್ನಾಗಿ ಸವೆದ ಮಾತು. ಅದನ್ನು ಬಿಟ್ಟು ‘ಹಿಮ್ಮೆಟ್ಟುವಿಕೆ’ ಎಂದು ಏಕೆ ಬರೆಯಬೇಕು?

‘ಅರೆ ಸ್ವಯಂಚಾಲಿತ’ದ ಬಗ್ಗೆಯೂ ಒಂದು ಮಾತು. ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು. ಖಾಲಿ ಕಾಡತೂಸನ್ನು ಹೊರಗೆಸೆದು ಮುಂದಿನದನ್ನು ಒಳಕ್ಕೆ ತಳ್ಳುವ ಕೆಲಸವನ್ನು ಮಾತ್ರ ಪಿಸ್ತೂಲು ತಾನೇ ಮಾಡಿಕೊಳ್ಳುತ್ತದೆ. ಇದರಲ್ಲಿ ‘ಅರೆ’ ಯಾವುದು ಎಂದು ಓದುಗರು ತಡಕಾಡುತ್ತಾರೆ. ಇದೇ ಬಗೆಯ ಪಿಸ್ತೂಲುಗಳನ್ನು ಹಿಂದೆ ಇಂಗ್ಲಿಷಿನಲ್ಲಿ ಆಟೊಮ್ಯಾಟಿಕ್ ಎಂದೇ ಕರೆಯುತ್ತಿದ್ದರು. ಕೋಲ್ಟ್ 1911 ಪಿಸ್ತೂಲಿನ ಕಾಡತೂಸಿನ ಹೆಸರಾದ ‘.45 ಎಸಿಪಿ’ (ಆಟೊಮ್ಯಾಟಿಕ್ ಕೋಲ್ಟ್ ಪಿಸ್ಟಲ್) ಎಂಬುದರ ‘ಎ’ ಅದೇ. ಹಾಗಾಗಿ ಹಳೆಯ ಬರಹಗಳಲ್ಲಿ ‘ಸ್ವಯಂಚಾಲಿತ ಪಿಸ್ತೂಲು’ ಎಂದಿದ್ದರೆ ಅದು ಎಡೆಬಿಡದೆ ಗುಂಡಿನ ಮಳೆಗರೆಯುವ ಆಯುಧವೆಂದು ಭಾವಿಸಬೇಕಿಲ್ಲ. ಜರ್ಮನ್ ಭಾಷೆ ಇದನ್ನು ‘ತಾನೇ ತುಂಬಿಕೊಳ್ಳುವ ಪಿಸ್ತೂಲು’ ಎಂದು ಕರೆಯುತ್ತದೆ, ನಿಜ ಸಂಗತಿ ಅಷ್ಟೇ. ‘ಅರೆ ಸ್ವಯಂಚಾಲಿತ’ ಪತ್ರಿಕೆಗಳಲ್ಲಿ ರೂಢಿಯಾಗಿರುವುದರಿಂದ ಅದನ್ನೇ ಉಳಿಸಿಕೊಂಡು, ಮೊದಲ ಸಲ ಬಂದಾಗ ಈ ವಿವರಣೆ ಕೊಡುವುದು ನನಗೆ ಸರಿಕಾಣುತ್ತದೆ.

ನನಗೆ ಇನ್ನೂ ಹೆಚ್ಚು ಕಾಳಜಿ ಇರುವುದು ‘ಗುಂಡು’ ಎಂಬ ಪದದ ಬಗ್ಗೆ. ಹಾರಿಹೋಗುವ ಸೀಸದ ತುಂಡೂ ಗುಂಡು, ಮದ್ದು ತುಂಬಿದ ಇಡೀ ಕಾಡತೂಸೂ ಗುಂಡು. ಸುದ್ದಿಗಳಲ್ಲಿ ‘ಖಾಲಿ ಗುಂಡುಗಳು ಪತ್ತೆ’ ಎಂದು ಬರುತ್ತದೆ. ಗುಂಡು ಖಾಲಿಯಾಗುವುದು ಹೇಗೆ? ಸಿಕ್ಕಿದ್ದು ಖಾಲಿ ಕಾಡತೂಸು, ಅಂದರೆ ಖಾಲಿ ತೋಟೆ. ಸುದ್ದಿಯಲ್ಲಿ ಇದು ನಡೆದೀತು, ಕಲಿಕೆಯ ಪುಸ್ತಕದಲ್ಲಿ ನಡೆಯದು. ‘ಗುಂಡು ತೆಗೆಯಿರಿ’ ಎಂಬ ಸೂಚನೆ ಓದಿದವರು ಮ್ಯಾಗಜೀನ್ ಕಳಚಿ, ಕೆಲಸ ಮುಗಿಯಿತು ಎಂದುಕೊಳ್ಳಬಹುದು. ಆದರೆ ನಳಿಗೆಯ ಬುಡದ ಚೇಂಬರಿನಲ್ಲಿ ಒಂದು ಕಾಡತೂಸು ಉಳಿದಿರಬಹುದು. ಗ್ಲಾಕನ್ನು ಬಿಚ್ಚಿ ಒರೆಸುವ ಮುನ್ನ ಟ್ರಿಗರ್ ಎಳೆಯಲೇಬೇಕಾದ ಹಂತವೊಂದಿದೆ. ಚೇಂಬರ್ ನೋಡದೆ ಎಳೆದರೆ ಅನಾಹುತ. ಆದ್ದರಿಂದ ‘ಮ್ಯಾಗಜೀನ್ ಕಳಚಿರಿ, ಸ್ಲೈಡ್ ಹಿಂದಕ್ಕೆ ಎಳೆದು ಹಿಡಿದು ಚೇಂಬರಿನಲ್ಲಿ ಕಾಡತೂಸು ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿರಿ’ ಎಂದು ಬಿಡಿಸಿ ಬರೆದಿದ್ದೇನೆ. ಇಲ್ಲಿ ಸಾಲು ಉದ್ದವಾದರೆ ಆಗಲಿ.

ಬೆರೆಟ್ಟಾದಲ್ಲಿ ಕುದುರೆ ಎದ್ದಿದೆಯೋ ಇಳಿದಿದೆಯೋ ಎಂಬುದು ನೋಡಿದರೆ ತಿಳಿಯುತ್ತದೆ. ಪಕ್ಕದಲ್ಲಿ ನಿಂತು ಕಲಿಸುವವರಿಗೂ ಕಾಣುತ್ತದೆ. 92 ಎಫ್‌ಎಸ್ ಮಾದರಿಯಲ್ಲಿ ಸ್ಲೈಡಿನ ಮೇಲಿನ ಸನ್ನೆಯನ್ನು (ಲಿವರ್) ಒತ್ತಿದರೆ ಎದ್ದ ಕುದುರೆ ಗುಂಡು ಹಾರದಂತೆ ಕೆಳಗಿಳಿಯುತ್ತದೆ. ಗ್ಲಾಕಿನಲ್ಲಿ ಹೆಬ್ಬೆರಳಿನಿಂದ ತಿರುಗಿಸುವ ಸುರಕ್ಷಾ ಸನ್ನೆ ಸಾಮಾನ್ಯವಾಗಿ ಇರುವುದಿಲ್ಲ. ಟ್ರಿಗರಿನ ನಡುವಿನ ಚಿಕ್ಕ ನಾಲಿಗೆ ಮತ್ತು ಒಳಗಿನ ಎರಡು ತಡೆಗಳೇ ಅದರ ಕಾವಲು. ಅಭ್ಯಾಸವಾದವರಿಗೆ ಗ್ಲಾಕಿನ ಒಂದೇ ಬಗೆಯ ಎಳೆತ ದೊಡ್ಡ ಅನುಕೂಲ. ಮೊದಲ ಸಲ ಕೈಗೆತ್ತಿಕೊಳ್ಳುವವರಿಗೆ ಬೆರೆಟ್ಟಾವೇ ಮೇಲು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆಯುಧದ ಸ್ಥಿತಿ ಕಣ್ಣಿಗೆ ಕಾಣುವುದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಕೈ ಚಿಕ್ಕದಿದ್ದರೆ ಮಾತ್ರ ಬೆರೆಟ್ಟಾದ ದಪ್ಪ ಹಿಡಿ ಮತ್ತು ಮೊದಲ ಎಳೆತದ ದೂರ ತೊಂದರೆ ಕೊಡುತ್ತವೆ.

ಸದ್ಯಕ್ಕೆ ನಾನು ಮಾಡಿಕೊಂಡಿರುವ ಏರ್ಪಾಡು ಇದು: ‘ಕುದುರೆ’ ಹ್ಯಾಮರಿಗೆ ಮಾತ್ರ, ಅದಕ್ಕೆ ಒಪ್ಪುವ ಕ್ರಿಯಾಪದಗಳು ಎತ್ತು, ಇಳಿಸು, ಬೀಳು. ಬೆರಳಿನ ಭಾಗಕ್ಕೆ ‘ಟ್ರಿಗರ್’, ಅದಕ್ಕೆ ‘ಎಳೆ’ ಮಾತ್ರ. ‘ಒತ್ತು’ ಎಂಬುದನ್ನು ಬೇಕೆಂದೇ ಬಿಟ್ಟಿದ್ದೇನೆ. ಸುರಕ್ಷಾ ಸನ್ನೆಯನ್ನೂ ಮ್ಯಾಗಜೀನ್ ಕಳಚುವ ಗುಂಡಿಯನ್ನೂ ಒತ್ತುತ್ತೇವಾದ್ದರಿಂದ ಅದು ಗೊಂದಲಕ್ಕೆ ದಾರಿ. ಆದರೆ ‘ಕುದುರೆ ಎಳೆದ’ ಎಂದು ಓದಿ ಬೆಳೆದವರಿಗೆ ಈ ವಿಂಗಡಣೆ ಒಗ್ಗುತ್ತದೆಯೇ? ಕೋವಿ ಬಳಸುವವರ ಮಾತಿನಲ್ಲಿ ಬೆರಳಿನಿಂದ ಎಳೆಯುವ ಭಾಗಕ್ಕೆ ಕುದುರೆಯಲ್ಲದ ಬೇರೆ ಹೆಸರನ್ನು ಯಾರಾದರೂ ಕೇಳಿದ್ದೀರಾ? ಕೇಳಿದ್ದರೆ ಪದದ ಜೊತೆಗೆ ಅದನ್ನು ಬಳಸಿದ ಒಂದು ಪೂರ್ಣ ವಾಕ್ಯವನ್ನೂ, ಅದು ಕೇಪಿನ ಕೋವಿಯ ಕುರಿತದ್ದೋ ತೋಟೆ ಕೋವಿಯ ಕುರಿತದ್ದೋ ಎಂಬುದನ್ನೂ ದಯವಿಟ್ಟು ತಿಳಿಸಿ.