ಸಹಾಯ ಬೇಕು: ಶಿವಮೊಗ್ಗದಲ್ಲಿ ಕುಳಿತು ಓದಲು ಜಾಗ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಎಂ.ಎ. ಓದುತ್ತಿರುವ ವಿದ್ಯಾರ್ಥಿನಿ. ಪರೀಕ್ಷೆ ಹತ್ತಿರವಾಗಿರುವುದರಿಂದ ನಮ್ಮ ಗ್ರಂಥಾಲಯದಲ್ಲಿ ಬಾಗಿಲು ತೆರೆದ ಅರ್ಧ ಗಂಟೆಯೊಳಗೆ ಕುರ್ಚಿಗಳೆಲ್ಲ ಭರ್ತಿಯಾಗುತ್ತಿವೆ. ತೀರ್ಥಹಳ್ಳಿ ಕಡೆಯಿಂದ ಮೊದಲ ಬಸ್ಸು ಹಿಡಿದು ಬರುವ ನನ್ನ ಗೆಳತಿ ನಿನ್ನೆ ನೆನೆದ ಕೊಡೆಯನ್ನು ಪಕ್ಕಕ್ಕಿಟ್ಟು, ಮೆಟ್ಟಿಲ ಮೇಲೆಯೇ ಕುಳಿತು, ತೊಡೆಯ ಮೇಲೆ ನೋಟ್ಸ್ ಬರೆದುಕೊಳ್ಳುತ್ತಿದ್ದುದನ್ನು ಕಂಡು ಬಹಳ ಸಂಕಟವಾಯಿತು. ಹಾಸ್ಟೆಲ್ ಕೋಣೆಯಲ್ಲಿ ನಾಲ್ವರಿದ್ದೇವೆ, ಅಲ್ಲಿ ಓದು ಸಾಗದು.

1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಜನರು ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ಹಾಗೆ ನಡೆಯುವ ನಗರದ ವಾಚನಾಲಯಗಳಲ್ಲಿ ಸ್ವಂತ ಪುಸ್ತಕ ತಂದು ಸಂಜೆಯವರೆಗೆ ಓದಲು ಅವಕಾಶವಿದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ. ದುರ್ಗಿಗುಡಿ, ವಿನೋಬನಗರದ ಸುತ್ತಮುತ್ತ ಯಾರದಾದರೂ ಮಹಡಿಯ ಕೋಣೆ ಖಾಲಿಯಿದ್ದರೂ ಆದೀತು. ಒಳ್ಳೆಯ ಬೆಳಕು, ಎರಡು ಮೇಜು ಸಾಕು. ನಾವು ಐವರಿದ್ದೇವೆ, ಬಾಡಿಗೆ ಹಂಚಿಕೊಂಡು ಕೊಡುತ್ತೇವೆ.